ಸೈಕಲ್ ಕೊಂಡರೆ ತೆರಿಗೆ ಉಳಿಯುತ್ತಾ?

"ಚಿಕ್ಕಪ್ಪ, ಆಫೀಸಿಗೆ ಓಡಾಡೋಕೆ ಸೈಕಲ್ ತಗೊಳ್ತಿದೀನಿ. ಬಿಲ್ಲು ಟ್ಯಾಕ್ಸ್‌ಗೆ ತೋರಿಸ್ಬಹುದಾ?"

2025ರ ದಸರೆಗೆ ವಾರ ಮುಂಚೆ ಅಣ್ಣನ ಮಗಳು ಫೋನ್ ಮಾಡಿ ಕೇಳಿದಳು. ಅವಳು ಆರ್ಕಿಟೆಕ್ಟ್. ಸಂಬಳದ ಕೆಲಸ ಬಿಟ್ಟು ಮೈಸೂರಿನ ಸರಸ್ವತೀಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸ್ವಂತವಾಗಿ ಕೆಲಸ ಮಾಡುತ್ತಾಳೆ. ನಾನು ವಿಮಾ ಏಜೆಂಟ್, ಪಾಲಿಸಿದಾರರ ಮನೆಗೆ ಸೈಕಲ್ಲಿನಲ್ಲೇ ಹೋಗುವವನು. ಹಾಗಾಗಿ ಸೈಕಲ್ ವಿಷಯ, ತೆರಿಗೆ ವಿಷಯ ಎರಡೂ ನನಗೆ ಗೊತ್ತಿರುತ್ತೆ ಅಂತ ಅವಳ ನಂಬಿಕೆ. ಅದೇ ವಾರ ಸ್ಟೇಷನರಿ ಅಂಗಡಿ ಇಟ್ಟಿರುವ ನನ್ನ ಗೆಳೆಯನೂ ಹೊಸ ಸೈಕಲ್ ನೋಡುತ್ತಿದ್ದ. ನನ್ನ ಹಳೆಯದರ ಬಾಟಮ್ ಬ್ರಾಕೆಟ್ ಕಿರ್ ಅನ್ನುತ್ತಿತ್ತು. ಕೊನೆಗೆ ಮೂವರೂ ಒಂದೇ ಅಂಗಡಿಗೆ ಹೋಗಿ ₹30,000ದ ಒಂದೇ ಮಾಡೆಲ್ ತಗೊಂಡೆವು.

ಸೈಕಲ್ ಒಂದೇ, ಬೆಲೆ ಒಂದೇ. ಆದರೆ ತೆರಿಗೆಯ ಉತ್ತರ ಮೂವರಿಗೂ ಬೇರೆ ಬೇರೆ. ಯಾಕೆ ಹಾಗೆ ಅಂತ ಬಿಡಿಸಿ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವ ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು. ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯ ಕೊನೆಯ ವರ್ಷದ್ದು.

ಮೊದಲು ಎಲ್ಲರೂ ಕಳಿಸುವ ಆ ಲಿಂಕಿನ ವಿಷಯ ಮುಗಿಸಿಬಿಡೋಣ. ಬ್ರಿಟನ್ನಿನಲ್ಲಿರುವ ನಮ್ಮ ಅಕ್ಕನ ಮಗ 'ಸೈಕಲ್ ಟು ವರ್ಕ್' ಯೋಜನೆಯ ಬಗ್ಗೆ ಒಂದು ಪುಟ ಕಳಿಸಿದ್ದ. ಅದು ಅಲ್ಲಿ 1999ರಿಂದ ಇದೆ. ಕಂಪನಿ ಸೈಕಲ್ ಕೊಂಡು ನೌಕರನಿಗೆ ಕೊಡುತ್ತದೆ. ಅವನ ಸಂಬಳದಲ್ಲಿ, ತೆರಿಗೆ ಲೆಕ್ಕ ಹಾಕುವ ಮುಂಚೆಯೇ, ಕಂತು ಹಿಡಿದುಕೊಳ್ಳುತ್ತದೆ. ಅಷ್ಟರ ಮೇಲೆ ನೌಕರನಿಗೆ ತೆರಿಗೆ ಬೀಳುವುದಿಲ್ಲ. ಚೆನ್ನಾಗಿದೆ ಅಲ್ವಾ? ಆದರೆ ಸಂಬಳ ಇದ್ದವರಿಗೆ ಮಾತ್ರ. ಅಲ್ಲೂ ಸ್ವಂತ ದುಡಿಮೆಯವನಿಗೆ ಈ ಯೋಜನೆ ಇಲ್ಲ, ಯಾಕೆಂದರೆ ಕಂತು ಹಿಡಿಯುವುದಕ್ಕೆ ಅವನಿಗೆ ಸಂಬಳವೇ ಇಲ್ಲ. ನಮ್ಮ ಹುಡುಗ ತನ್ನದೇ ಲಿಮಿಟೆಡ್ ಕಂಪನಿ ಮಾಡಿಕೊಂಡು ಅದರಿಂದ ಸಂಬಳ ತೆಗೆಯುತ್ತಾನೆ, ಹಾಗಾಗಿ ಅವನಿಗೆ ಸಿಕ್ಕಿತು. ನಮ್ಮಲ್ಲಿ ಈ ಹೆಸರಿನ ಯೋಜನೆ ಯಾವುದೂ ಇಲ್ಲ. ನಮ್ಮಲ್ಲಿರುವುದು ಮಾಮೂಲಿ ವ್ಯಾಪಾರದ ಖರ್ಚಿನ ನಿಯಮಗಳು. ಸೈಕಲ್ಲನ್ನು ಅದರೊಳಗೇ ಕೂರಿಸಬೇಕು.

ಮಗಳ ಲೆಕ್ಕ: ಬಿಲ್ಲಿಗೆ ಜಾಗವೇ ಇಲ್ಲ

ಆರ್ಕಿಟೆಕ್ಟ್, ವಕೀಲರು, ಡಾಕ್ಟರು, ಎಂಜಿನಿಯರು, ಚಾರ್ಟರ್ಡ್ ಅಕೌಂಟೆಂಟ್, ಇಂಟೀರಿಯರ್ ಡೆಕೊರೇಟರ್ ಇಂಥ ಕೆಲವು ವೃತ್ತಿಯವರಿಗೆ 44ಎಡಿಎ ಅಂತ ಒಂದು ಸೆಕ್ಷನ್ ಇದೆ. ವರ್ಷದ ಒಟ್ಟು ಫೀಸು ₹50 ಲಕ್ಷದ ಒಳಗಿದ್ದರೆ, ಅದರಲ್ಲಿ ಅರ್ಧವನ್ನು ಆದಾಯ ಅಂತ ತೋರಿಸಿ ಕೈತೊಳೆದುಕೊಳ್ಳಬಹುದು. ನಗದಿನಲ್ಲಿ ಬಂದದ್ದು ಒಟ್ಟು ಫೀಸಿನ ಶೇ. 5 ಮೀರದಿದ್ದರೆ ಈ ಮಿತಿ ₹75 ಲಕ್ಷ. ಲೆಕ್ಕದ ಪುಸ್ತಕ ಬೇಡ, ಆಡಿಟ್ ಬೇಡ. ಇದಕ್ಕೆ ಬದಲಾಗಿ ಸರ್ಕಾರ ಒಂದು ಮಾತು ಹೇಳುತ್ತದೆ. ಉಳಿದರ್ಧದಲ್ಲಿ ನಿನ್ನ ಬಾಡಿಗೆ, ಕರೆಂಟು, ಪೆಟ್ರೋಲು, ಕಂಪ್ಯೂಟರು ಎಲ್ಲವೂ ಬಂದುಹೋಯಿತು, ಮತ್ತೆ ಬೇರೆಯಾಗಿ ಏನನ್ನೂ ಕೇಳಬೇಡ ಅಂತ.

ಸೈಕಲ್ಲೂ ಆ ಅರ್ಧದಲ್ಲೇ ಮುಳುಗಿಹೋಯಿತು. ಮಗಳ ಫೀಸು ₹18 ಲಕ್ಷ ಅಂದುಕೊಳ್ಳಿ. ಆದಾಯ ₹9 ಲಕ್ಷ. ಅವಳು ₹30,000ದ ಸೈಕಲ್ ಕೊಂಡರೂ ₹9 ಲಕ್ಷ, ₹3 ಲಕ್ಷದ ಸೈಕಲ್ ಕೊಂಡರೂ ₹9 ಲಕ್ಷ.

ಇದರ ಮೇಲೆ ಇನ್ನೊಂದಿದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ₹12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ₹9 ಲಕ್ಷ ಆದಾಯದವಳು ಕಟ್ಟಬೇಕಾದದ್ದೇ ಏನೂ ಇಲ್ಲ. ಇಲ್ಲದ ತೆರಿಗೆಯಲ್ಲಿ ಉಳಿಸುವುದು ಏನನ್ನು?

"ಹಾಗಾದ್ರೆ ನಾನು ಲೆಕ್ಕದ ಪುಸ್ತಕ ಇಟ್ಟು ನಿಜವಾದ ಖರ್ಚು ತೋರಿಸ್ತೀನಿ" ಅಂದಳು. ತೋರಿಸಬಹುದು. ಆದರೆ ಫೀಸಿನ ಅರ್ಧಕ್ಕಿಂತ ಕಡಿಮೆ ಆದಾಯ ತೋರಿಸಿ, ಒಟ್ಟು ಆದಾಯ ತೆರಿಗೆಯ ಕನಿಷ್ಠ ಮಿತಿ ದಾಟಿದರೆ ಆಡಿಟ್ ಮಾಡಿಸಲೇಬೇಕು. ಆಡಿಟರಿಗೆ ಕೊಡುವ ಫೀಸಿನ ಮುಂದೆ ಸೈಕಲ್ಲಿನಿಂದ ಉಳಿಯುವ ತೆರಿಗೆ ಯಾವ ಮೂಲೆಗೆ? ಬಾಡಿಗೆ, ಸಂಬಳ ಎಲ್ಲ ಸೇರಿ ಖರ್ಚು ನಿಜಕ್ಕೂ ಅರ್ಧಕ್ಕಿಂತ ಜಾಸ್ತಿ ಇರುವವರಿಗೆ ಆ ದಾರಿ ಸರಿ. ಒಂದು ಸೈಕಲ್ಲಿಗೋಸ್ಕರ ಅಲ್ಲ.

ಅವಳಿಗೆ ಬೇಜಾರಾಯಿತು. ಆದರೆ ಅವಳ ಲೆಕ್ಕದಲ್ಲಿ ಯಾರೂ ಹೇಳದ ಒಂದು ಲಾಭ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಲೆಕ್ಕ: ಸವಕಳಿ ಅನ್ನುವ ಸವೆಯುವ ಸೋಪು

ವ್ಯಾಪಾರಿಗಳಿಗೂ ಇಂಥದೇ ಅಂದಾಜು ಲೆಕ್ಕ ಇದೆ, ಅದು 44ಎಡಿ. ಆದರೆ ಕಮಿಷನ್, ಬ್ರೋಕರೇಜಿನಿಂದ ದುಡಿಯುವವರನ್ನು ಅದರಿಂದ ಹೊರಗಿಟ್ಟಿದ್ದಾರೆ. ವಿಮಾ ಏಜೆಂಟ್, ಸೈಟು ಮನೆ ಬ್ರೋಕರ್, ಮ್ಯೂಚುವಲ್ ಫಂಡ್ ಮಾರುವವರು ಎಲ್ಲ ಈ ಗುಂಪಿನವರು. ನಾವು ನಿಜವಾದ ಖರ್ಚಿನ ಲೆಕ್ಕವನ್ನೇ ಬರೆಯಬೇಕು. ಹಾಗಾಗಿ ಸೈಕಲ್ಲಿನ ಬಿಲ್ಲಿಗೆ ಬೆಲೆ ಇರುವುದು ನಮ್ಮಂಥವರ ಪುಸ್ತಕದಲ್ಲಿ.

ಹೊಸ ಪದ್ಧತಿಗೆ ಹೋದರೆ ಯಾವ ಕಡಿತವೂ ಇಲ್ಲ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹೋಗುವುದು ವಿಮೆ, ಪಿಎಫ್‌ಗೆ ಸಿಗುವ 80ಸಿ ತರಹದ ಕಡಿತಗಳು. ವ್ಯಾಪಾರದ ಖರ್ಚು, ಮಾಮೂಲಿ ಸವಕಳಿ ಎರಡೂ ಹೊಸ ಪದ್ಧತಿಯಲ್ಲೂ ಇವೆ.

ಆದರೆ ₹30,000ವನ್ನು ಒಂದೇ ವರ್ಷ ಖರ್ಚು ಅಂತ ಬರೆಯುವ ಹಾಗಿಲ್ಲ. ಸೈಕಲ್ಲು ವರ್ಷಗಟ್ಟಲೆ ಬಾಳುವ ಸಾಮಾನು. ಅದರ ಬೆಲೆಯನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಳೆಯಬೇಕು. ಅದೇ ಸವಕಳಿ, ಆಡಿಟರ ಬಾಯಲ್ಲಿ ಡಿಪ್ರಿಸಿಯೇಷನ್. ಕಾಯ್ದೆಯಲ್ಲಿ 'ಪ್ಲಾಂಟ್' ಅನ್ನುವ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಹಡಗು, ವಾಹನ, ಪುಸ್ತಕ, ಸರ್ಜರಿ ಸಲಕರಣೆ ಎಲ್ಲ ಸೇರಿವೆ. ಹಡಗಿನ ಪಕ್ಕದಲ್ಲಿ ನನ್ನ ಸೈಕಲ್ಲು ನಿಂತಿದೆ ಅಂದರೆ ನನಗೆ ಒಂಥರಾ ಹೆಮ್ಮೆ. ಸಾಮಾನ್ಯ ಪ್ಲಾಂಟಿನ ಸವಕಳಿ ದರ ಶೇ. 15. ಅದೂ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ.

ಮೊದಲ ವರ್ಷ ₹30,000ಕ್ಕೆ ₹4,500. ಎರಡನೇ ವರ್ಷ ಉಳಿದ ₹25,500ಕ್ಕೆ ₹3,825. ಮೂರನೇ ವರ್ಷ ₹3,251. ಬಚ್ಚಲುಮನೆಯ ಸೋಪಿನ ಹಾಗೆ ಸವೆಯುತ್ತಾ ಹೋಗುತ್ತದೆ, ಪೂರ್ತಿ ಕರಗುವುದೇ ಇಲ್ಲ. ನಾಲ್ಕು ವರ್ಷ ಮುಗಿದಾಗ ಕಳೆದಿರುವುದು ಅರ್ಧಕ್ಕೂ ಕಡಿಮೆ.

ಇಲ್ಲಿ ದಿನಾಂಕದ ಆಟ ಒಂದಿದೆ. ಸಾಮಾನನ್ನು ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅರ್ಧ ಸವಕಳಿ ಮಾತ್ರ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿ ನೋಡಿ, ಅಕ್ಟೋಬರ್ 3ಕ್ಕೆ ಸರಿಯಾಗಿ 180 ದಿನ. 2025ರಲ್ಲಿ ಆಯುಧಪೂಜೆ ಬಂದದ್ದು ಅಕ್ಟೋಬರ್ 1ಕ್ಕೆ. ಅವತ್ತು ಸೈಕಲ್ಲಿಗೆ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ಸೇವಂತಿಗೆ ಸುತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಬೀದಿಗೆ ಇಳಿಸಿದವನಿಗೆ ಪೂರ್ತಿ ₹4,500. ಅಕ್ಟೋಬರ್ 20ರ ದೀಪಾವಳಿ ಆಫರಿಗೆ ಕಾದವನಿಗೆ ₹2,250. ನೆನಪಿಡಿ, ಲೆಕ್ಕಕ್ಕೆ ಬರುವುದು ಬಿಲ್ಲಿನ ತಾರೀಖಲ್ಲ, ಕೆಲಸಕ್ಕೆ ಬಳಸಲು ಶುರು ಮಾಡಿದ ತಾರೀಖು. ಪೂಜೆ ಮಾಡಿ ಪ್ಲಾಸ್ಟಿಕ್ ತೆಗೆಯದೆ ಹಾಲಿನಲ್ಲಿ ನಿಲ್ಲಿಸಿಕೊಂಡರೆ ಆಗಲಿಲ್ಲ.

ಮುಂದಿನ ಪ್ರಶ್ನೆ, ಸೈಕಲ್ಲನ್ನು ಎಷ್ಟರ ಮಟ್ಟಿಗೆ ಕೆಲಸಕ್ಕೆ ಬಳಸುತ್ತೀರಿ ಅನ್ನುವುದು. ಭಾನುವಾರ ದೇವರಾಜ ಮಾರ್ಕೆಟ್ಟಿಗೆ ತರಕಾರಿಗೆ ಹೋಗುವುದೂ ಅದೇ ಸೈಕಲ್ಲಿನಲ್ಲಿ ತಾನೆ? ಸ್ವಂತಕ್ಕೂ ಕೆಲಸಕ್ಕೂ ಬಳಸುವ ಸಾಮಾನಿಗೆ ಕೆಲಸದ ಪಾಲಿನಷ್ಟು ಮಾತ್ರ ಸವಕಳಿ ಅಂತ 38ನೇ ಸೆಕ್ಷನ್ ಹೇಳುತ್ತದೆ. ಆ ಪಾಲು ಎಷ್ಟು ಅಂತ ಕೊನೆಗೆ ತೀರ್ಮಾನ ಮಾಡುವವರು ತೆರಿಗೆ ಅಧಿಕಾರಿ. ನಾವು ಆಧಾರ ಕೊಡದಿದ್ದರೆ ಅವರೇ ಅಂದಾಜಿನಲ್ಲಿ ಐದನೇ ಒಂದು ಪಾಲೋ, ಇನ್ನೂ ಜಾಸ್ತಿಯೋ ಹೊಡೆದುಹಾಕುತ್ತಾರೆ. ಅದಕ್ಕೆ ನಾನು ಒಂದು ಪುಟ್ಟ ಡೈರಿ ಇಟ್ಟಿದ್ದೇನೆ. ಒಂದು ದಿನದ ಸಾಲು ಹೀಗಿರುತ್ತದೆ: 'ಮನೆ – ಒಂಟಿಕೊಪ್ಪಲು, ಪ್ರೀಮಿಯಂ ಚೆಕ್ – ಜಯಲಕ್ಷ್ಮಿಪುರಂ, ಹೊಸ ಪ್ರಪೋಸಲ್ – ಮನೆ.' ಪಕ್ಕದಲ್ಲಿ ಕಿಲೋಮೀಟರು. ಫೋನಿನ ಸ್ಟ್ರಾವಾದಲ್ಲಿ ದಾರಿ ತಾನೇ ದಾಖಲಾಗುತ್ತದೆ, ಆದರೆ ಯಾರನ್ನು ನೋಡಲು ಹೋಗಿದ್ದೆ ಅಂತ ಸ್ಟ್ರಾವಾಗೆ ಗೊತ್ತಿರಲ್ಲ. ಡೈರಿಯ ಪ್ರಕಾರ ನನ್ನ ಕೆಲಸದ ಪಾಲು ಶೇ. 60.

ಈಗ ಲೆಕ್ಕ ಮುಗಿಸೋಣ. ₹4,500ರಲ್ಲಿ ಶೇ. 60 ಅಂದರೆ ₹2,700. ನನಗಿಂತ ಚೆನ್ನಾಗಿ ದುಡಿಯುವ ಏಜೆಂಟ್ ಒಬ್ಬರು, ₹16 ಲಕ್ಷದಿಂದ ₹20 ಲಕ್ಷದ ನಡುವಿನವರು, ಶೇ. 20ರ ಹಂತದಲ್ಲಿರುತ್ತಾರೆ. ತೆರಿಗೆಯ ಮೇಲೆ ಬೀಳುವ ಸೆಸ್ ಸೇರಿ ಶೇ. 20.8. ಅವರಿಗೆ ಮೊದಲ ವರ್ಷ ಉಳಿಯುವುದು ₹562. ಇಷ್ಟೇನಾ ಅನ್ನಿಸುತ್ತೆ ಅಲ್ವಾ? ನನ್ನ ಆದಾಯ ₹12 ಲಕ್ಷದ ಒಳಗೇ ಇರುವುದರಿಂದ ನನಗೆ ಆ ₹562ಕ್ಕೂ ಗತಿ ಇಲ್ಲ. 'ಹಾಗಾದ್ರೆ ಈ ವರ್ಷದ ಸವಕಳಿ ಬಿಟ್ಟು, ತೆರಿಗೆ ಬೀಳೋ ವರ್ಷ ತಗೊಳ್ತೀನಿ' ಅಂತ ಹೇಳಿ ನೋಡಿದೆ. ಆಡಿಟರ್ ನಕ್ಕರು. ನೀವು ಕೇಳಿದರೂ ಕೇಳದಿದ್ದರೂ ಕಾಯ್ದೆಯ ಪ್ರಕಾರ ಅದು ಕಳೆದಂತೆಯೇ ಲೆಕ್ಕ. ಕೂಡಿಡುವ ಹಾಗಿಲ್ಲ.

ಸೈಕಲ್ಲಿನಿಂದ ತೆರಿಗೆ ಚೆನ್ನಾಗಿ ಉಳಿಯುವ ಒಂದೇ ಒಂದು ಸಣ್ಣ ಕಿಂಡಿ ಇದೆ, ₹12 ಲಕ್ಷದ ಗಡಿಯಾಚೆಗೆ. ₹12 ಲಕ್ಷಕ್ಕೆ ತೆರಿಗೆ ಸೊನ್ನೆ. ಒಂದು ರೂಪಾಯಿ ಜಾಸ್ತಿಯಾದ ಕೂಡಲೇ ₹60,000 ಬಿದ್ದರೆ ಅನ್ಯಾಯ ಅಂತ, ಗಡಿ ದಾಟಿದ ಮೊತ್ತದಷ್ಟು ಮಾತ್ರ ತೆರಿಗೆ ಕಟ್ಟಿದರೆ ಸಾಕು ಅಂತ ಮಾಡಿದ್ದಾರೆ. ಸುಮಾರು ₹12.7 ಲಕ್ಷದವರೆಗೆ ಈ ರಿಯಾಯಿತಿ ನಡೆಯುತ್ತದೆ. ₹12,20,000 ಆದಾಯದವನಿಗೆ ತೆರಿಗೆ ₹20,000. ಅವನು ಸೈಕಲ್ಲಿನ ₹2,700 ಸವಕಳಿ ಕಳೆದರೆ ₹17,300. ಅಂದರೆ ಕಳೆದ ಪ್ರತಿ ರೂಪಾಯಿಗೂ ಒಂದು ರೂಪಾಯಿ ತೆರಿಗೆ ಉಳಿಯಿತು, ಮೇಲೆ ಸೆಸ್ಸು ಬೇರೆ. ₹562 ಅಲ್ಲ, ₹2,808. ಮಾರ್ಚ್ ಕೊನೆಗೆ ನೀವು ಈ ಗಡಿಯ ಆಸುಪಾಸಿನಲ್ಲಿದ್ದೀರಿ ಅಂತ ಅನ್ನಿಸಿದರೆ ಲೆಕ್ಕದ ಪುಸ್ತಕವನ್ನು ಇನ್ನೊಂದು ಸಲ ತಿರುವಿ ಹಾಕಿ.

ಟೈರು, ಟ್ಯೂಬು, ಬ್ರೇಕ್ ಶೂ, ಚೈನು, ವರ್ಷಕ್ಕೊಮ್ಮೆಯ ಸರ್ವಿಸ್ ಇವಕ್ಕೆ ಸವಕಳಿಯ ಕಾಟ ಇಲ್ಲ. ರಿಪೇರಿ ಖರ್ಚು ಅಂತ ಅದೇ ವರ್ಷ ಬರೆಯಬಹುದು, ಕೆಲಸದ ಪಾಲಿನಷ್ಟು. ಪಂಕ್ಚರ್ ಅಂಗಡಿಯವನು ಬಿಲ್ ಕೊಡುವುದಿಲ್ಲ. ಒಂದು ವೋಚರ್ ಪುಸ್ತಕದಲ್ಲಿ ತಾರೀಖು, ಮೊತ್ತ, ಏನು ರಿಪೇರಿ ಅಂತ ಬರೆದು ಅವನ ಸಹಿ ಹಾಕಿಸಿಕೊಳ್ಳಿ. ಕಂತಿನಲ್ಲಿ ಕೊಂಡಿದ್ದರೆ ಬಡ್ಡಿಯೂ ಇದೇ ಪಾಲಿನಲ್ಲಿ ಖರ್ಚಾಗುತ್ತದೆ, ಅಸಲು ಆಗುವುದಿಲ್ಲ.

₹500 ಆಸೆಗೆ ಹೋದದ್ದು

2019ರಲ್ಲಿ ನಾನು ಒಂದು ಸೈಕಲ್ ಕೊಂಡಿದ್ದೆ. ಬೆಲೆ ₹18,000. "ಕ್ಯಾಶ್ ಕೊಟ್ರೆ ₹500 ಬಿಡ್ತೀನಿ ಸಾರ್" ಅಂದರು ಅಂಗಡಿಯವರು. ನನಗೂ ಖುಷಿ. ಬಿಲ್ಲಂತೂ ಸರಿಯಾಗಿಯೇ ಕೊಟ್ಟರು, ಕೆಳಗೆ 'ನಗದು' ಅಂತ ಬರೆದು. ಜುಲೈನಲ್ಲಿ ಆಡಿಟರ್ ಬಿಲ್ ನೋಡಿ, ಪೆನ್ನಿನಲ್ಲಿ ಆ ಪದಕ್ಕೆ ಒಂದು ಸುತ್ತು ಹಾಕಿ ಪಕ್ಕಕ್ಕಿಟ್ಟರು. ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟು ಕೊಂಡ ಸಾಮಾನಿನ ಆ ಹಣ, ಸವಕಳಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಆ ವರ್ಷಕ್ಕೆ ಮಾತ್ರವಲ್ಲ, ಆ ಸೈಕಲ್ ಇರುವಷ್ಟು ಕಾಲವೂ. ಹಾಗಾಗಿ ಯುಪಿಐ, ಕಾರ್ಡು, ಅಕೌಂಟ್ ಪೇಯಿ ಚೆಕ್ಕು ಯಾವುದಾದರೂ ಸರಿ. ಮನೆಯವಳ ಫೋನಿನಿಂದ ಗೂಗಲ್ ಪೇ ಮಾಡಬೇಡಿ, ವ್ಯವಹಾರದ ಖಾತೆಯಿಂದಲೇ ಮಾಡಿ. ಆಮೇಲೆ ವಿವರಣೆ ಕೊಡುತ್ತಾ ಕೂರುವುದು ತಪ್ಪುತ್ತದೆ.

ಮನೆಯಿಂದ ಆಫೀಸಿಗೆ ಹೋಗುವುದು ಕೆಲಸವಾ?

ಇಡೀ ವಿಷಯದಲ್ಲಿ ಜಾಸ್ತಿ ತಕರಾರಿರುವುದು ಇಲ್ಲೇ. ಸೈಕಲ್ ಕೊಳ್ಳುವ ಬಹಳ ಜನ ಕೊಳ್ಳುವುದು ಮನೆಯಿಂದ ಆಫೀಸಿಗೆ ಹೋಗಿ ಬರಲು. ಆದರೆ ವ್ಯಾಪಾರದ ಖರ್ಚು ಪೂರ್ತಿಯಾಗಿ ವ್ಯಾಪಾರಕ್ಕೇ ಆಗಿರಬೇಕು, ಸ್ವಂತದ್ದಾಗಿರಬಾರದು ಅಂತ 37ನೇ ಸೆಕ್ಷನ್. ನೀವು ಎಲ್ಲಿ ವಾಸ ಮಾಡುತ್ತೀರಿ ಅನ್ನುವುದು ನಿಮ್ಮ ಸ್ವಂತ ವಿಷಯ. ಹಾಗಾದರೆ ಅಲ್ಲಿಂದ ಆಫೀಸಿಗೆ ಬರುವ ಖರ್ಚು ಯಾರದು?

ಇದಕ್ಕೆ ಇಂಗ್ಲೆಂಡಿನ ಎರಡು ಹಳೆಯ ಕೇಸು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಅಲ್ಲಿನ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ನಮ್ಮವರು ಓದಿ ಯೋಚಿಸುವ ದಾರಿ ಅದೇ. ನ್ಯೂಸಮ್ ಅನ್ನುವ ಬ್ಯಾರಿಸ್ಟರ್. ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಚೇಂಬರು, ಮನೆ ದೂರದ ವಿಪ್ಸ್‌ನೇಡಿನಲ್ಲಿ. ಸಂಜೆ, ರಜೆಯಲ್ಲಿ ಮನೆಯಲ್ಲೂ ಕೂತು ಕೇಸು ಓದುತ್ತಿದ್ದರು. ಮನೆಯಲ್ಲೂ ಕೆಲಸ ಮಾಡುತ್ತೇನೆ, ಹಾಗಾಗಿ ಓಡಾಟದ ಖರ್ಚು ವೃತ್ತಿಯದ್ದೇ ಅಂದರು. 1952ರಲ್ಲಿ ಕೋರ್ಟು ಆಗಲ್ಲ ಅಂತು. ವೃತ್ತಿಯ ನೆಲೆ ಚೇಂಬರು, ಮನೆಗೆ ಹೋಗುವುದು ಮನೆ ಅಲ್ಲಿದೆ ಅಂತ.

ಇನ್ನೊಬ್ಬ ಹಾರ್ಟನ್, ಗಾರೆ ಕೆಲಸದವನು. ಈಸ್ಟ್‌ಬೋರ್ನ್‌ನ ಮನೆಯಿಂದ ಬೇರೆ ಬೇರೆ ಸೈಟುಗಳಿಗೆ ಹೋಗುತ್ತಿದ್ದ. ಯಾವ ಸೈಟೂ ಅವನ ಖಾಯಂ ಜಾಗವಲ್ಲ. ಸಲಕರಣೆ, ಲೆಕ್ಕದ ಪುಸ್ತಕ, ಮಾತುಕತೆ ಎಲ್ಲ ಮನೆಯಲ್ಲೇ. 1971ರಲ್ಲಿ ಕೋರ್ಟು ಅವನ ಓಡಾಟದ ಖರ್ಚನ್ನು ಒಪ್ಪಿತು. ಬ್ಯಾರಿಸ್ಟರಿಗೆ ಸಿಗದದ್ದು ಗಾರೆ ಕೆಲಸದವನಿಗೆ ಸಿಕ್ಕಿತು!

ಇದನ್ನು ನಮ್ಮ ಮೂವರಿಗೆ ಹೊಂದಿಸಿ ನೋಡಿ. ಮಗಳಿಗೆ ಸರಸ್ವತೀಪುರದ ಕೋಣೆಯೇ ನೆಲೆ. ಅವಳು ಪುಸ್ತಕ ಇಟ್ಟಿದ್ದರೂ ಕುವೆಂಪುನಗರದ ಮನೆಯಿಂದ ಅಲ್ಲಿಗೆ ಹೋಗುವುದು ಸ್ವಂತದ ಓಡಾಟ, ಕೋಣೆಯಿಂದ ಕಟ್ಟಡದ ಸೈಟಿಗೆ ಹೋಗುವುದು ಕೆಲಸದ ಓಡಾಟ. ನಾನು ಗಾರೆ ಕೆಲಸದವನ ಜಾತಿ. ನನಗೆ ಬೇರೆ ಆಫೀಸಿಲ್ಲ, ಮನೆಯ ಮುಂದಿನ ಕೋಣೆಯೇ ಆಫೀಸು. ಅಲ್ಲಿಂದ ಪಾಲಿಸಿದಾರರ ಮನೆಗೆ ತುಳಿಯುವ ಪ್ರತಿ ಕಿಲೋಮೀಟರೂ ಕೆಲಸದ್ದು. ಮನೆಯಿಂದಲೇ ದುಡಿಯುವ ಫ್ರೀಲಾನ್ಸರುಗಳು ಇದನ್ನು ಗಮನಿಸಬೇಕು.

ಗೆಳೆಯನ ಲೆಕ್ಕ: ಎರಡು ತೆರಿಗೆ, ಎರಡು ಪುಸ್ತಕ

ಸ್ಟೇಷನರಿ ಅಂಗಡಿಯವನು 44ಎಡಿಯಲ್ಲಿದ್ದಾನೆ. ವಹಿವಾಟಿನಲ್ಲಿ ಬ್ಯಾಂಕು, ಯುಪಿಐ ಮೂಲಕ ಬಂದದ್ದಕ್ಕೆ ಶೇ. 6, ನಗದಿಗೆ ಶೇ. 8 ಆದಾಯ ಅಂತ ತೋರಿಸುತ್ತಾನೆ. ಮಗಳ ಹಾಗೆಯೇ ಆದಾಯ ತೆರಿಗೆಯಲ್ಲಿ ಸೈಕಲ್ಲಿಗೆ ಜಾಗ ಇಲ್ಲ. ಆದರೆ ಅವನ ವಹಿವಾಟು ₹60 ಲಕ್ಷ, ಹಾಗಾಗಿ ಜಿಎಸ್‌ಟಿ ನೋಂದಣಿ ಇದೆ. ಆದಾಯ ತೆರಿಗೆಯಲ್ಲಿ ಅಂದಾಜು ಲೆಕ್ಕ ಹಿಡಿದವನಿಗೆ ಜಿಎಸ್‌ಟಿಯಲ್ಲೂ ಎಲ್ಲ ಮುಗಿಯಿತು ಅಂತ ಅವನೂ ತಿಳಿದಿದ್ದ. ಇಲ್ಲ, ಎರಡೂ ಬೇರೆ ಪುಸ್ತಕ.

ಜಿಎಸ್‌ಟಿಯಲ್ಲಿ ಕಾರು, ಬೈಕು ಕೊಂಡರೆ ಕಟ್ಟಿದ ತೆರಿಗೆಯ ಕ್ರೆಡಿಟ್, ಅಂದರೆ ನಾವು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯುವ ಅವಕಾಶ, ಸಾಮಾನ್ಯವಾಗಿ ಸಿಗುವುದಿಲ್ಲ. 13 ಜನರವರೆಗೆ ಕೂರುವ ಮೋಟಾರು ವಾಹನಗಳಿಗೆ ತಡೆ ಇದೆ. ಸೈಕಲ್ಲು ಮೋಟಾರು ವಾಹನವೇ ಅಲ್ಲವಲ್ಲ! ಆ ತಡೆ ಇದಕ್ಕೆ ತಾಕುವುದಿಲ್ಲ. ಗೆಳೆಯ ಹಿಂದೆ ದೊಡ್ಡ ಕ್ಯಾರಿಯರ್ ಹಾಕಿಸಿ ಶಾಲೆಗಳಿಗೆ ನೋಟ್‌ಬುಕ್ ಕಟ್ಟು ತಲುಪಿಸುತ್ತಾನೆ. ಆ ಬಳಕೆಯ ಪಾಲಿನಷ್ಟು ಕ್ರೆಡಿಟ್ ತಗೊಳ್ಳಬಹುದು. ಮನೆಗೆ ಹೋಗಿ ಬರುವ ಪಾಲಿಗೆ ಇಲ್ಲ. ₹30,000ದಲ್ಲಿ ಜಿಎಸ್‌ಟಿ ₹1,429. ಶೇ. 60 ಹಿಡಿದರೆ ₹857. ಬಿಲ್ಲಿನ ಮೇಲೆ ಅವನ ಜಿಎಸ್‌ಟಿ ನಂಬರ್ ಇರಲೇಬೇಕು. ದುಡ್ಡು ಕೊಟ್ಟಾದ ಮೇಲೆ 'ನಂಬರ್ ಹಾಕಿಕೊಡಿ' ಅಂತ ಹೋದರೆ ಅಂಗಡಿಯವರ ಮುಖ ನೋಡಬೇಕಾಗುತ್ತದೆ. ಬಿಲ್ ಹೊಡೆಯುವ ಮುಂಚೆಯೇ ಹೇಳಿ. ವಹಿವಾಟಿನ ಮೇಲೆ ಇಂತಿಷ್ಟು ಅಂತ ಜಿಎಸ್‌ಟಿ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಕ್ರೆಡಿಟ್ ಇಲ್ಲ. ನನ್ನಂಥ ವಿಮಾ ಏಜೆಂಟರ ಕಮಿಷನ್ನಿನ ಜಿಎಸ್‌ಟಿಯನ್ನು ವಿಮಾ ಕಂಪನಿಯೇ ಕಟ್ಟುತ್ತದೆ, ನಮಗೆ ನೋಂದಣಿಯೂ ಬೇಡ, ಕ್ರೆಡಿಟ್ಟೂ ಇಲ್ಲ. ಒಂದು ಎಚ್ಚರಿಕೆ: ಲೆಕ್ಕದ ಪುಸ್ತಕ ಇಡುವವರು ಜಿಎಸ್‌ಟಿ ಕ್ರೆಡಿಟ್ ತಗೊಂಡರೆ ಆ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳಬಾರದು.

ನಿಜ ಹೇಳಬೇಕೆಂದರೆ, ಮೂವರಿಗೂ ದೊಡ್ಡ ಉಳಿತಾಯ ಆದದ್ದು ಕೌಂಟರಿನಲ್ಲೇ. ಸೈಕಲ್ಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆ ಬಿಟ್ಟರೆ ನಮ್ಮ ಸೈಕಲ್ಲಿನ ಬೆಲೆ ₹28,571. ಹಳೆಯ ದರದಲ್ಲಿ ಅದು ₹32,000 ಆಗುತ್ತಿತ್ತು. ಡೈರಿ, ವೋಚರು, ಆಡಿಟರು ಯಾವುದೂ ಇಲ್ಲದೆ ₹2,000 ಉಳಿಯಿತು.

ಬ್ಯಾಟರಿ ಸೈಕಲ್ಲು ಮತ್ತು ಕಂಪನಿ ಸೈಕಲ್ಲು

ಚಾಮುಂಡಿ ಬೆಟ್ಟದ ಕಡೆ ಮನೆ ಇರುವವರು ಬ್ಯಾಟರಿ ಸೈಕಲ್ ಕೇಳುತ್ತಾರೆ. ಜಿಎಸ್‌ಟಿ ಅದಕ್ಕೂ ಶೇ. 5. ಲೆಕ್ಕದ ಪುಸ್ತಕ ಇಡುವವರಿಗೆ ಇದರಲ್ಲಿ ಒಂದು ಲಾಭ ಇದೆ. ವಿದ್ಯುತ್ ವಾಹನಗಳಿಗೆ ಸವಕಳಿ ಪಟ್ಟಿಯಲ್ಲಿ ಶೇ. 40 ಇದೆ. ₹30,000ಕ್ಕೆ ಮೊದಲ ವರ್ಷವೇ ₹12,000. ಬಿಲ್ಲಿನಲ್ಲಿ ಸುಮ್ನೆ 'ಸೈಕಲ್' ಅಂತಿರದೆ ಎಲೆಕ್ಟ್ರಿಕ್ ಅಂತ, ಮೋಟಾರಿನ ವ್ಯಾಟ್ ಸಮೇತ ಬರೆಸಿಕೊಳ್ಳಿ. ಮೋಟಾರು 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗಿದ್ದರೆ ಆರ್‌ಟಿಒ ನೋಂದಣಿಯ ತಲೆನೋವಿಲ್ಲ. ವಿದ್ಯುತ್ ವಾಹನದ ಸಾಲದ ಬಡ್ಡಿಗೆ ಒಂದು ಪ್ರತ್ಯೇಕ ಕಡಿತ ಇತ್ತು, 80ಇಇಬಿ ಅಂತ. ಅದು 2023ರ ಮಾರ್ಚ್ 31ರವರೆಗೆ ಮಂಜೂರಾದ ಸಾಲಕ್ಕೆ ಮಾತ್ರ. ಈಗಲೂ ಅದನ್ನು ಹೇಳಿ ಮಾರುವವರಿದ್ದಾರೆ.

ಸ್ವಂತ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡು ಅದರಿಂದ ಸಂಬಳ ತೆಗೆಯುವವರಿಗೆ ಮಾತ್ರ ನಮ್ಮ ಅಕ್ಕನ ಮಗನಿಗೆ ಸಿಕ್ಕಿದಂಥದ್ದು ಇಲ್ಲೂ ಸಿಗುತ್ತದೆ, ಹೆಸರು ಮಾತ್ರ ಇಲ್ಲ. ಕಂಪನಿ ಕೊಟ್ಟ ವಾಹನದಲ್ಲಿ ಮನೆಯಿಂದ ಆಫೀಸಿಗೆ ಹೋಗಿ ಬರುವುದನ್ನು ನೌಕರನಿಗೆ ಸಿಕ್ಕ ಸವಲತ್ತು ಅಂತ ಎಣಿಸಬಾರದು ಅಂತ ಕಾಯ್ದೆಯಲ್ಲೇ ವಿವರಣೆ ಇದೆ. ಕಂಪನಿ ಹೆಸರಿಗೆ ಸೈಕಲ್, ಕಂಪನಿಗೆ ಸವಕಳಿ, ನಿಮಗೆ ತೆರಿಗೆ ಇಲ್ಲ. ಸ್ವಂತ ದುಡಿಮೆಯವನಿಗೆ ನಿರಾಕರಿಸಿದ ಅದೇ ಮನೆ-ಆಫೀಸು ದಾರಿ ಇಲ್ಲಿ ಸಲೀಸಾಗಿ ತೆರೆಯುತ್ತದೆ. ಈಗಾಗಲೇ ಕಂಪನಿ ಇದ್ದವರು ಬಳಸಿಕೊಳ್ಳಿ. ಸೈಕಲ್ಲಿಗೋಸ್ಕರ ಕಂಪನಿ ಮಾಡುವುದು ಅಂದರೆ ಮೂಗಿಗಿಂತ ಮೂಗುತಿ ಭಾರ. ವರ್ಷ ವರ್ಷದ ಆಡಿಟ್ ಮತ್ತು ರಿಟರ್ನ್ಸ್ ಖರ್ಚಿನಲ್ಲಿ ಇನ್ನೊಂದು ಸೈಕಲ್ಲೇ ಬರಬಹುದು.

ಮಗಳಿಗೆ ಸಿಕ್ಕ ಲಾಭ

ಆಗಲೇ ಬಾಕಿ ಇಟ್ಟ ಮಾತಿಗೆ ಬರುತ್ತೇನೆ. ಸ್ಕೂಟರಿನಲ್ಲಿ ತಿಂಗಳಿಗೆ 300 ಕಿಲೋಮೀಟರು, ಲೀಟರಿಗೆ 40, ಪೆಟ್ರೋಲು ಲೆಕ್ಕದ ಸುಲಭಕ್ಕೆ ₹100 ಅಂತ ಹಿಡಿಯೋಣ. ತಿಂಗಳಿಗೆ ₹750, ವರ್ಷಕ್ಕೆ ₹9,000. ಸೈಕಲ್ಲಿಗೆ ಇಳಿದರೆ ಇಷ್ಟೂ ಉಳಿಯಿತು.

ಪುಸ್ತಕ ಇಡುವವನಿಗೆ ಇಲ್ಲೊಂದು ತಮಾಷೆ ಕಾದಿದೆ. ಈವರೆಗೆ ಅವನು ಪೆಟ್ರೋಲಿನ ಶೇ. 60ನ್ನು, ಅಂದರೆ ₹5,400ನ್ನು ಖರ್ಚು ಅಂತ ಬರೆಯುತ್ತಿದ್ದ. ಈಗ ಆ ಖರ್ಚಿಲ್ಲ. ಲಾಭ ₹5,400 ಜಾಸ್ತಿ. ಶೇ. 20.8ರಲ್ಲಿ ₹1,123 ತೆರಿಗೆಯೂ ಜಾಸ್ತಿ. ಸವಕಳಿಯಿಂದ ಉಳಿದದ್ದು ₹562. ಸೈಕಲ್ ಕೊಂಡು ಅವನ ತೆರಿಗೆ ಏರಿತು! ಕೈಯಲ್ಲಿ ಉಳಿದ ದುಡ್ಡು ಅದಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ಅಳಬೇಕಾಗಿಲ್ಲ. ₹12 ಲಕ್ಷ ದಾಟಿದ ಆ ಸಣ್ಣ ಕಿಂಡಿಯಲ್ಲಿರುವವನಿಗಂತೂ ಈ ₹5,400 ಪೂರ್ತಿ ತೆರಿಗೆಗೇ ಹೋಗುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಮಗಳ ಆದಾಯ ಮಾತ್ರ ಅಲುಗಾಡುವುದಿಲ್ಲ. ಅವಳು ಪೆಟ್ರೋಲ್ ಸುಟ್ಟರೂ ಫೀಸಿನ ಅರ್ಧ, ಸುಡದಿದ್ದರೂ ಅರ್ಧ. ನಾಳೆ ಅವಳ ಫೀಸು ₹40 ಲಕ್ಷಕ್ಕೆ ಏರಿ ತೆರಿಗೆ ಕಟ್ಟುವ ಹಂತಕ್ಕೆ ಬಂದರೂ, ಸೈಕಲ್ಲಿನಿಂದ ಉಳಿದ ₹9,000ದ ಮೇಲೆ ಒಂದು ಪೈಸೆ ತೆರಿಗೆ ಬೀಳುವುದಿಲ್ಲ. ಅಂದಾಜು ಲೆಕ್ಕದಲ್ಲಿರುವವರಿಗೆ ಕೊಂಡ ಸಾಮಾನಿನಿಂದ ತೆರಿಗೆ ಉಳಿಯುವುದಿಲ್ಲ, ಮಾಡದ ಖರ್ಚಿನಿಂದ ಉಳಿಯುತ್ತದೆ. ಅಂಗಡಿ ಗೆಳೆಯನಿಗೂ ಇದೇ.

ಒಂದು ವಿಷಯ ಮಾತ್ರ ಅವರಿಬ್ಬರಿಗೂ ಹೇಳಿದ್ದೇನೆ. ಅಂದಾಜು ಲೆಕ್ಕದಲ್ಲಿದ್ದಾಗಲೂ ಸವಕಳಿ ಕಳೆದಂತೆಯೇ ಎಣಿಕೆ. ಮೂರು ವರ್ಷ ಆದ ಮೇಲೆ ಪುಸ್ತಕಕ್ಕೆ ಬಂದು ₹30,000ದಿಂದ ಶುರು ಮಾಡುವ ಹಾಗಿಲ್ಲ, ಸವೆದು ಉಳಿದ ಬೆಲೆಯಿಂದ ಶುರು ಮಾಡಬೇಕು.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. 44ಎಡಿ, 44ಎಡಿಎ ಎರಡೂ 58ನೇ ಸೆಕ್ಷನ್ನಿಗೆ ಹೋಗಿವೆ. ಹಿಂದಿನ ವರ್ಷ, ನಿರ್ಧಾರಣಾ ವರ್ಷ ಅನ್ನುವ ಗೊಂದಲ ಹೋಗಿ 'ತೆರಿಗೆ ವರ್ಷ' ಅಂತ ಒಂದೇ ಹೆಸರು ಉಳಿದಿದೆ. ಹಾಗಾಗಿ ಮುಂದಿನ ಸಲ ಆಡಿಟರ್ ಹತ್ತಿರ ಹೋದಾಗ ಹಳೆಯ ನಂಬರು ಹೇಳಿ ವಾದ ಮಾಡಬೇಡಿ.

ಅಂಗಡಿಯಲ್ಲಿ ಬಿಲ್ ಬರೆಯುವಾಗ ಮಗಳ ಸರದಿ ಬಂತು. ನನ್ನದಕ್ಕೆ ಪ್ಯಾನ್ ಬರೆಸಿದ್ದೆ, ಗೆಳೆಯ ಜಿಎಸ್‌ಟಿ ನಂಬರ್ ಬರೆಸಿದ್ದ. "ನಿಮ್ಮದಕ್ಕೆ ಏನ್ ಹಾಕ್ಲಿ ಮೇಡಂ?" ಅಂತ ಅಂಗಡಿಯವರು ಕೇಳಿದರು. ಅವಳು ಬಗ್ಗಿ ಪೆಡಲಿನ ಕೆಳಗೆ ಕೆತ್ತಿದ್ದ ಫ್ರೇಮ್ ನಂಬರ್ ಓದಿ ಹೇಳಿದಳು. "ಇದನ್ನ ಹಾಕಿ. ಕಳ್ಳತನ ಆದ್ರೆ ಪೊಲೀಸ್ ಸ್ಟೇಷನ್ನಲ್ಲಾದ್ರೂ ಬಿಲ್ ತೋರಿಸ್ಬಹುದಲ್ಲ!"